ಎತ್ತು ಅದೇ, ಹೇರು ಹೆಚ್ಚು

ಮುಂಢವಾ ಸೇತುವೆಯ ಮೇಲೆ ನಿಂತು ಹೊಳೆ ನೋಡುವವರನ್ನು ನಾನು ಕಂಡಿಲ್ಲ. ಮೂಗು ಮುಚ್ಚಿಕೊಂಡು ದಾಟುವವರೇ ಎಲ್ಲ. ಪುಣೆಯಲ್ಲಿ ಮುಳಾ-ಮುಠಾ ಹೊಳೆ ದಾಟಿ ಹಡಪಸರದಿಂದ ಖರಾಡಿಗೆ ಹೋಗುವವರ ದಾರಿ ಅದು. ಮಾರ್ಚ್ ತಿಂಗಳ ಒಂದು ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಮ್ಮ ಬಸ್ಸು ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತು. ಕಿಟಕಿಯ ಹೊರಗೆ, ಕೆಳಗೆ, ಹೊಳೆ ಎಂಬುದು ಹೆಸರಿಗೆ ಮಾತ್ರ. ದಂಡೆಯಿಂದ ದಂಡೆಗೆ ಹಸಿರು ಹಾಸು. ಮೇಲುಗಡೆ ಮಾತ್ರ ಒಂದಿಷ್ಟು ನೀರು ಬರಿಮೈಯಲ್ಲಿತ್ತು. ಪಡುವಣದ ಗಾಳಿಗೆ ಅದರ ಮೇಲೆ ಸಣ್ಣ ದೊಡ್ಡ ಅಲೆಗಳು ಎದ್ದು ಹಸಿರಿನ ಅಂಚಿನತ್ತ ಬರುತ್ತಿದ್ದವು.

ಗೇಣುದ್ದಕ್ಕಿಂತ ಸಣ್ಣ ಅಲೆಗಳು ಅಂಚಿಗೆ ಬಂದು ತಟ್ಟನೆ ಇಲ್ಲವಾಗುತ್ತಿದ್ದವು, ಬಾಗಿಲಲ್ಲೇ ತಡೆದವರ ಹಾಗೆ. ಕೊಂಚ ದೊಡ್ಡವು ಒಳಹೊಕ್ಕು ಹಾಸನ್ನು ಒಂದೆರಡು ಮಾರು ಎತ್ತಿ ಇಳಿಸಿ ಆಮೇಲೆ ಸುಮ್ಮನಾಗುತ್ತಿದ್ದವು. ಕೌದಿ ಹೊದ್ದು ಮಲಗಿದ ಕೂಸು ಮಗ್ಗಲು ಬದಲಿಸಿದಂತೆ. ಒಂದೇ ಗಾಳಿ, ಒಂದೇ ನೀರು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಈ ಗಿಡ ಹೇಗೆ ಗೊತ್ತುಮಾಡುತ್ತದೆ?

ಗಿಡವನ್ನು ಮರಾಠಿಯವರು ಜಲಪರ್ಣಿ ಎನ್ನುತ್ತಾರೆ, ನಮ್ಮಲ್ಲಿ ಅಂತರಗಂಗೆ. ಹೆಸರಿನಲ್ಲಿರುವ ಗಂಗೆಗೂ ಇದಕ್ಕೂ ಸಂಬಂಧವಿಲ್ಲ. ದಕ್ಷಿಣ ಅಮೆರಿಕದ ಈ ಗಿಡವನ್ನು ಅದರ ನೇರಳೆ ಹೂವಿನ ಚೆಲುವಿಗೆ ಮರುಳಾಗಿ ಜಗತ್ತೆಲ್ಲ ಹೊತ್ತು ತಿರುಗಿದರು. ಬಂಗಾಳದಲ್ಲಿ ಅದು ಎಷ್ಟು ಹಬ್ಬಿತೆಂದರೆ 1936ರಲ್ಲಿ ಅದರ ಮೇಲೆಯೇ ಒಂದು ಕಾಯ್ದೆ ಮಾಡಬೇಕಾಯಿತು. ಪುಣೆಯ ಕೊಳಚೆಯಲ್ಲಿರುವ ಸಾರಜನಕ, ರಂಜಕ ಅದಕ್ಕೆ ಹಬ್ಬದೂಟ. ಮುಂಢವಾದ ಹತ್ತಿರ ನೀರಿಗೆ ಒಡ್ಡು ಹಾಕಿದ್ದಾರೆ. ಅಲ್ಲಿಂದ ಪಂಪುಗಳು ನೀರನ್ನೆತ್ತಿ ಹಡಪಸರದ ಸಾಡೇಸತರಾ ನಳಿಯ ಬಳಿ ಕಾಲುವೆಗೆ ಬಿಡುತ್ತವೆ, ಕೆಳಗಿನ ಹೊಲಗಳಿಗಾಗಿ. ಒಡ್ಡಿದ್ದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ಜಲಪರ್ಣಿ. ಉಳಿದ ಮುಳಾ-ಮುಠಾ ಭೀಮೆಗೆ ಸೇರಿ, ಉಜನಿ ಜಲಾಶಯ, ಪಂಢರಪುರ ದಾಟಿ ನಮ್ಮ ಅಫಜಲಪುರದ ಸೊನ್ನ ಬ್ಯಾರೇಜಿಗೆ, ಗಾಣಗಾಪುರಕ್ಕೆ ಬರುತ್ತದೆ. ಊರಿಗೆ ಹೋದಾಗ ಹೊಳೆಯಲ್ಲಿ ಕೈಕಾಲು ತೊಳೆಯುವ ಮೊದಲು ನಾನು ಒಂದು ಗಳಿಗೆ ಯೋಚಿಸುವುದು ಈ ಕಾರಣಕ್ಕೆ.

ನೀರಿನ ಮೇಲೆ ತೇಲುವ ಪದರ ಅಲೆಯನ್ನು ಅಡಗಿಸುತ್ತದೆ ಎಂಬುದು ಹಳೇ ತಿಳಿವಳಿಕೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಕಾಮನ್ ಎಂಬಲ್ಲಿನ ಕೆರೆಗೆ ಒಂದು ಚಹಾ ಚಮಚೆಯಷ್ಟು ಎಣ್ಣೆ ಸುರಿದು, ಅರ್ಧ ಎಕರೆಯಷ್ಟು ನೀರು ಕನ್ನಡಿಯಂತಾದುದನ್ನು 1774ರಲ್ಲಿ ಬರೆದ. ಆದರೆ ಎಣ್ಣೆಯ ಆಟವೇ ಬೇರೆ. ಅದು ಒಂದು ಅಣುವಿನಷ್ಟು ತೆಳುವಾಗಿ ಹರಡುತ್ತದೆ. ಅದಕ್ಕೆ ಲೆಕ್ಕಕ್ಕೆ ಬರುವಂಥ ತೂಕವೇ ಇಲ್ಲ. ನೀರಿನ ತೊಗಲನ್ನು ಬಿಗಿ-ಸಡಿಲ ಮಾಡಿ ಕಿರು ಅಲೆಗಳ ಶಕ್ತಿ ತಿನ್ನುತ್ತದೆ. ಜಲಪರ್ಣಿ ಮಾಡುವುದು ಎಣ್ಣೆ ಮಾಡಲಾರದ ಕೆಲಸವನ್ನು. ಅದು ಭಾರ ಹೇರುತ್ತದೆ.

ಈ ಭಾರದ ಗಣಿತ ಹುಟ್ಟಿದ್ದು ಎರಡನೇ ಮಹಾಯುದ್ಧದ ಬೆನ್ನಿಗೆ. 1944ರ ಜೂನಿನಲ್ಲಿ ನಾರ್ಮಂಡಿಯ ದಂಡೆಯಲ್ಲಿ ಸೈನ್ಯ ಇಳಿಸಲು ಅಲೆ ತಡೆಯುವ ತೇಲುಗೋಡೆಗಳನ್ನು ಸಮುದ್ರದಲ್ಲಿ ಕಟ್ಟಿದ್ದರು. ಅದೇ ತಿಂಗಳ ಬಿರುಗಾಳಿಗೆ ಅವು ಕಿತ್ತುಹೋದವು. ತೇಲುವ ವಸ್ತುವಿಗೂ ಅಲೆಗೂ ಇರುವ ವ್ಯವಹಾರ ಏನೆಂದು ಗಣಿತಜ್ಞರು ತಲೆ ಕೆಡಿಸಿಕೊಂಡ ಕಾಲ ಅದು. 1950ರಲ್ಲಿ ಅಮೆರಿಕದ ಒಂದೇ ಪತ್ರಿಕೆಯ ಒಂದೇ ಸಂಪುಟದಲ್ಲಿ, ಒಂದರ ಬೆನ್ನಿಗೊಂದು, ಎರಡು ಪ್ರಬಂಧಗಳು ಬಂದವು. ಮೊದಲನೆಯದು ಮಿಚೆಲ್ ವೈಟ್ಸ್ ಮತ್ತು ಜೋಸೆಫ್ ಕೆಲ್ಲರ್ ಅವರದು, ತೇಲುವ ಮಂಜುಗಡ್ಡೆಗೆ ಬಡಿದು ಹಿಂದಿರುಗುವ ಅಲೆಗಳ ಮೇಲೆ. ಎರಡನೆಯದು ಎ.ಎಸ್. ಪೀಟರ್ಸ್ ಅವರದು. ಅದರ ವಿಷಯ ತೇಲುವ ಚಾಪೆ. ಹೌದು, ಚಾಪೆ ಎಂದೇ ಬರೆದಿದ್ದಾರೆ. ಮುಂಢವಾ ಸೇತುವೆಯಿಂದ ನೋಡಿದವರಿಗೆ ಆ ಪದ ತೀರ ಸರಿಯೆನಿಸುತ್ತದೆ.

ಅವರು ಮಾಡಿದ ಊಹೆ ಕೇಳಿದರೆ ನಗು ಬರಬಹುದು. ನೀರಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳು ಒತ್ತೊತ್ತಾಗಿ ತೇಲುತ್ತಿವೆ. ಒಂದಕ್ಕೊಂದು ಅಂಟಿಲ್ಲ, ಉಜ್ಜುವುದಿಲ್ಲ, ಬಾಗುವುದಿಲ್ಲ. ಪ್ರತಿಯೊಂದಕ್ಕೂ ಇರುವುದು ತೂಕ ಮಾತ್ರ. ಅಂದರೆ ಎಲೆ, ಬೇರು, ಹೂವು, ಅದರೊಳಗಿನ ಕೊಳಚೆ, ಮೇಲೆ ಕೂತ ಬೆಳ್ಳಕ್ಕಿ ಎಲ್ಲವನ್ನೂ ಅಳಿಸಿ, ಒಂದು ಚದರ ಮೀಟರಿಗೆ ಇಷ್ಟು ಕಿಲೋ ಎಂಬ ಒಂದೇ ಒಂದು ಅಂಕಿ ಉಳಿಸಿಕೊಂಡರು. ಮಾದರಿ ಕಟ್ಟುವುದೆಂದರೆ ಏನು ಸೇರಿಸಬೇಕು ಎನ್ನುವುದಕ್ಕಿಂತ ಏನನ್ನು ಬಿಟ್ಟುಬಿಡುವ ಧೈರ್ಯ ಇದೆ ಎನ್ನುವುದು. ಎಂಜಿನಿಯರಿಂಗ್ ಓದುವಾಗ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಸಮೀಕರಣ ಬಿಡಿಸುವುದನ್ನಷ್ಟೇ ಕಲಿಸಿದರು.

ಈಗ ಅಲೆಯನ್ನು ಒಂದು ಎತ್ತಿನ ಬಂಡಿಯೆಂದು ಊಹಿಸಿಕೊಳ್ಳಿ. ಅಲೆಯನ್ನು ಎಳೆಯುವ ಎತ್ತು ಗುರುತ್ವ. ಉಬ್ಬಿದ ನೀರನ್ನು ಕೆಳಗೆಳೆಯುತ್ತದೆ, ಅದು ಹದ ಮೀರಿ ಇಳಿಯುತ್ತದೆ, ಮತ್ತೆ ಏಳುತ್ತದೆ. ಎಳೆಯಬೇಕಾದ ಹೇರು ಅಲುಗಾಡುವ ನೀರು. ಅಲೆ ಮೇಲ್ಮೈಯಲ್ಲಿ ಜೋರು, ಆಳಕ್ಕೆ ಹೋದಂತೆ ಕ್ಷೀಣ. ಎಲ್ಲ ಆಳದ ಅಲುಗಾಟವನ್ನೂ ಕೂಡಿಸಿದರೆ ಲೆಕ್ಕ ಚೆಂದವಾಗಿ ಬರುತ್ತದೆ: ಅಲೆಯ ಉದ್ದವನ್ನು, ಅಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿನವರೆಗಿನ ದೂರವನ್ನು, 6.28ರಿಂದ ಭಾಗಿಸಿದಷ್ಟು ದಪ್ಪದ ನೀರಿನ ಪದರವನ್ನು ಅಲೆ ಹೊತ್ತು ಕುಣಿಸುತ್ತದೆ. 6.28 ಎಂದರೆ ಪೈಯ ಎರಡರಷ್ಟು. ಒಂದು ಮೀಟರ್ ಉದ್ದದ ಅಲೆಯ ಹೇರು ಹೀಗೆ 16 ಸೆಂಟಿಮೀಟರ್ ದಪ್ಪದ ನೀರು. ಇನ್ನೊಂದು ಸೊಗಸು: ಆ ಅಲೆಯ ಬಡಿತ, 16 ಸೆಂಟಿಮೀಟರ್ ದಾರಕ್ಕೆ ಕಟ್ಟಿದ ಗುಂಡಿನ ತೂಗಾಟದ ಬಡಿತವೇ. ಎರಡೂ 0.8 ಸೆಕೆಂಡಿಗೊಮ್ಮೆ. ಹೇರಿನ ದಪ್ಪ ಎಷ್ಟೋ ದಾರದ ಉದ್ದ ಅಷ್ಟು.

ಅಲೆ ಜಲಪರ್ಣಿಯ ಅಂಚಿಗೆ ಬಂತು. ತೇಲುವ ಗಿಡದ ಭಾರವನ್ನು ನೀರೇ ಎತ್ತಿ ಹಿಡಿದಿರುವುದರಿಂದ ಎತ್ತಿನ ಬಲ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಎತ್ತು ಅದೇ, ಹೇರು ಮಾತ್ರ ಹೆಚ್ಚು. ಆದರೆ ಬಡಿತವನ್ನು ಬದಲಿಸುವಂತಿಲ್ಲ. ಹೊರಗೆ ನಿಮಿಷಕ್ಕೆ ಎಷ್ಟು ಉಬ್ಬು ಬರುತ್ತವೆಯೋ ಒಳಗೂ ಅಷ್ಟೇ ಸಾಗಬೇಕು, ಇಲ್ಲವಾದರೆ ಅಂಚಿನಲ್ಲಿ ಅಲೆಗಳು ಗುಡ್ಡೆ ಬೀಳುತ್ತವೆ. ಬಡಿತ ಅದೇ ಇರಬೇಕೆಂದರೆ ಒಟ್ಟು ಹೇರೂ ಅಷ್ಟೇ ಇರಬೇಕು. ಹಾಗಾಗಿ ಗಿಡ ಬಂಡಿ ಹತ್ತಿದಷ್ಟು ನೀರು ಇಳಿಯಬೇಕು.

ಅಂಕಿ ಹಾಕಿ ನೋಡೋಣ. ಒತ್ತಾಗಿ ಬೆಳೆದ ಜಲಪರ್ಣಿ ಚದರ ಮೀಟರಿಗೆ 50 ಕಿಲೋದವರೆಗೂ ತೂಗುತ್ತದೆ. ನಾವು ಅರ್ಧವನ್ನೇ ಹಿಡಿಯೋಣ, 25 ಕಿಲೋ. ಅಷ್ಟು ತೂಕದ ನೀರನ್ನು ಒಂದು ಚದರ ಮೀಟರಿನ ಮೇಲೆ ಸುರಿದರೆ ಎರಡೂವರೆ ಸೆಂಟಿಮೀಟರ್ ನಿಲ್ಲುತ್ತದೆ. ಒಂದು ಮೀಟರ್ ಅಲೆಯ 16 ಸೆಂಟಿಮೀಟರ್ ಹೇರಿನಲ್ಲಿ ಗಿಡ ಎರಡೂವರೆ ತೆಗೆದುಕೊಂಡರೆ ನೀರಿಗೆ ಉಳಿಯುವುದು ಸುಮಾರು ಹದಿಮೂರೂವರೆ. ಅಲೆ 84 ಸೆಂಟಿಮೀಟರಿಗೆ ಕುಗ್ಗುತ್ತದೆ. ಅದು ನಡೆಯುತ್ತದೆ, ಒಳಗೆ ಹೋಗುತ್ತದೆ. 20 ಸೆಂಟಿಮೀಟರ್ ಅಲೆಗೆ ಹೇರು ಮೂರು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಗಿಡ ಹತ್ತಿ ಕೂತ ಮೇಲೆ ಉಳಿದದ್ದು ಏನೂ ಸಾಲದು, ಅಲೆ ನಾಲ್ಕು ಸೆಂಟಿಮೀಟರಿಗೆ ಮುದುಡುತ್ತದೆ. 16 ಸೆಂಟಿಮೀಟರಿನ ಅಲೆಗೆ ಇರುವ ಹೇರೇ ಎರಡೂವರೆ, ಎಲ್ಲವನ್ನೂ ಗಿಡ ನುಂಗುತ್ತದೆ. ನೀರಿಗೆ ಜಾಗವಿಲ್ಲ. ಅಲೆ ಅಂಚಿನಿಂದಲೇ ಹಿಂದಕ್ಕೆ. ಬಸ್ಸಿನ ಕಿಟಕಿಯಿಂದ ನಾನು ಕಂಡ, ಬಾಗಿಲಲ್ಲೇ ನಿಂತುಹೋಗುವ ಅಲೆ ಇದು.

ಈ ಗಡಿ ಎಲ್ಲಿಂದ ಬಂತು ಎಂದರೆ, ಅದು ಗಿಡದ ಸ್ವಂತ ತಾಳ. ತೇಲುವ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಅದು ತನ್ನಷ್ಟಕ್ಕೆ ಮೇಲೆ ಕೆಳಗೆ ಕುಪ್ಪಳಿಸುತ್ತದಲ್ಲ, ನಮ್ಮ ಲೆಕ್ಕದ ಬಿಲ್ಲೆಗೆ ಆ ಬಡಿತ ಸೆಕೆಂಡಿಗೆ ಮೂರು. ಅದಕ್ಕಿಂತ ಅವಸರದ ಅಲೆ ಬಂದರೆ ಅದರೊಂದಿಗೆ ಹೆಜ್ಜೆ ಹಾಕಲು ಗಿಡಕ್ಕೆ ಆಗದು.

ಕಾಗದದ ಮೇಲೆ ಇಷ್ಟು ಚೊಕ್ಕಟವಾಗಿ ಬಂದದ್ದನ್ನು ಕಣ್ಣಾರೆ ನೋಡಬೇಕೆನ್ನಿಸಿತು. ಭಾಜಿ ಮಾರ್ಕೆಟ್ಟಿನಿಂದ ಒಂದು ಕಿಲೋ ಒಣ ಶೇಂಗಾಕಾಯಿ ತಂದು, ಎರಡಡಿ ಅಗಲದ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ ಹರಡಿದೆ. ಒಂದು ಪದರಕ್ಕೆ ಹೇಳಿ ಮಾಡಿಸಿದಂತೆ ಸಾಕಾಯಿತು. ಚದರ ಮೀಟರಿಗೆ ಮೂರೂವರೆ ಕಿಲೋ ಲೆಕ್ಕ. ಹಾಗಾದರೆ ಎರಡು ಸೆಂಟಿಮೀಟರಿಗಿಂತ ಸಣ್ಣ ಅಲೆ ನಿಲ್ಲಬೇಕು, ಐದು ಸೆಂಟಿಮೀಟರಿನದು ಮೂರಕ್ಕೆ ಕುಗ್ಗಿ ಒಳಗೆ ಓಡಬೇಕು. ಕಾಯಿಗಳನ್ನು ಒಂದು ಪಕ್ಕಕ್ಕೆ ಸರಿಸಿ, ತೆರವಾದ ನೀರಿನಲ್ಲಿ ಬೆರಳಾಡಿಸಿದೆ. ಅಲೆ ಹೋಯಿತು, ಅಂಚಿನ ಎರಡು ಸಾಲು ಕಾಯಿ ಅಲುಗಿದವು, ಅಷ್ಟೇ. ನಾಲ್ಕು ಬೆರಳ ದೂರ ಹೋಗುವಷ್ಟರಲ್ಲಿ ಎಲ್ಲ ಶಾಂತ. ಮತ್ತೆ ಮಾಡಿದೆ, ಮತ್ತೆ ಅದೇ.

"ಏನ್ ಮಾಡ್ಲಕತ್ತೀಯೋ ತಮ್ಮಾ, ತಿನ್ನೋ ಶೇಂಗಾ ನೀರಾಗ ಚೆಲ್ಲಿ?" ಎಂದು ಅವ್ವ ಅಡುಗೆಮನೆಯಿಂದ ಬಂದು ನಿಂತಳು. ಅಲೆ ನೋಡ್ಲಕತ್ತೀನಿ ಎಂದೆ. ಅವಳೂ ಒಂದಿಷ್ಟು ಹೊತ್ತು ನೋಡಿದಳು. "ಒಂದಕ್ಕೊಂದು ತಿಕ್ಕಾಡ್ತಾವ. ಸದ್ದು ಕೇಳ್ಸಂಗಿಲ್ಲೇನು?" ಎಂದಳು. ಕಿವಿಗೊಟ್ಟರೆ ನಿಜ, ಕರಕರ ಎನ್ನುವ ಸಣ್ಣ ಸದ್ದು. ಸದ್ದೆಂದರೆ ಖರ್ಚಾದ ಶಕ್ತಿ. ಪೀಟರ್ಸ್ ಬಿಟ್ಟುಬಿಟ್ಟದ್ದು ನಮ್ಮ ಟಬ್ಬಿನಲ್ಲಿ ಕೇಳಿಸುತ್ತಿತ್ತು. ಜೊತೆಗೆ, ಮೂರು ಸೆಂಟಿಮೀಟರ್ ಉದ್ದದ ಕಾಯಿಯ ಮೇಲೆ ಮೂರು ಸೆಂಟಿಮೀಟರಿನ ಅಲೆ ಓಡುವುದಾದರೂ ಹೇಗೆ? ಬಿಲ್ಲೆ ಅಲೆಗಿಂತ ಬಹಳ ಸಣ್ಣದಿರಬೇಕೆಂಬುದು ಮಾದರಿಯ ಮೊದಲ ಷರತ್ತು. ನಾಲ್ಕು ಸೆಂಟಿಮೀಟರಿಗೆ ಮುದುಡಿದ ಅಲೆ ಎಂದು ಮೇಲೆ ಹೇಳಿದೆನಲ್ಲ, ಅದೂ ಕಾಗದದ ಮೇಲಿನ ಅಲೆಯೇ. ಒಂದು ಜಲಪರ್ಣಿ ಗಿಡದ ಅಗಲ ಅದಕ್ಕಿಂತ ಎಷ್ಟೋ ಹೆಚ್ಚು.

ಬಿಟ್ಟುಬಿಟ್ಟವುಗಳನ್ನು ಒಂದೊಂದಾಗಿ ಮರಳಿ ತರುವುದೇ ಮುಂದಿನ ಇತಿಹಾಸ. ಗಡಸುತನವನ್ನು ಲೆಕ್ಕಕ್ಕೆ ತಂದವನು ಮಾತ್ರ ಎಲ್ಲರಿಗಿಂತ ಮುಂಚಿನವನು. ಇಂಗ್ಲೆಂಡಿನ ಗ್ರೀನ್‌ಹಿಲ್ 1887ರಲ್ಲೇ ಮಂಜುಗಡ್ಡೆಯನ್ನು ಬಾಗುವ ಹಲಗೆ ಎಂದು ಬಗೆದಿದ್ದ. ಹಲಗೆ ಬಾಗಿದರೆ ಸೆಟೆದು ನಿಲ್ಲಲು ನೋಡುತ್ತದೆ, ಎತ್ತಿನ ಜೊತೆಗೆ ಇನ್ನೊಂದು ಎತ್ತು ಹೂಡಿದಂತೆ. ಆಗ ಕಿರು ಅಲೆಗಳಿಗೆ ಗಡಿಯೇ ಇರುವುದಿಲ್ಲ, ಅವು ಇನ್ನೂ ಜೋರಾಗಿ ಓಡುತ್ತವೆ. ಜಲಪರ್ಣಿಯ ಗಿಡಗಳು ಬಳ್ಳಿದಂಟಿನಿಂದ ಒಂದಕ್ಕೊಂದು ಹೆಣೆದುಕೊಂಡಿದ್ದರೂ ಅದು ಹಲಗೆಯಲ್ಲ, ಹಗ್ಗದ ಮಂಚ. ಎಳೆದರೆ ಬಿಗಿ, ಬಾಗಿಸಿದರೆ ಮೆತ್ತಗೆ. ಆದ್ದರಿಂದ ನನ್ನ ಮಟ್ಟಿಗೆ ಇದಕ್ಕೆ ಗ್ರೀನ್‌ಹಿಲ್‌ಗಿಂತ ಪೀಟರ್ಸ್ ಹತ್ತಿರ. ಕೆಳಗೆ ಗರಿಯಂತೆ ಇಳಿಬಿದ್ದ ಕಪ್ಪು ಬೇರುಗಳದು ಮಾತ್ರ ಇಬ್ಬರಿಗೂ ಸಿಗದ ತಕರಾರು. ಬೇರಿನೊಳಗೆ ಸಿಕ್ಕಿಕೊಂಡ ನೀರನ್ನು ಗಿಡದ ಲೆಕ್ಕಕ್ಕೆ ಹಾಕಬೇಕೋ ನೀರಿನ ಲೆಕ್ಕಕ್ಕೋ?

ತಿಕ್ಕಾಟದ ಕಥೆ ಇನ್ನೂ ಸ್ವಾರಸ್ಯದ್ದು. 1978ರಲ್ಲಿ ಹಾರಿ ಮೂರೂವರೆ ತಿಂಗಳಿಗೇ ಕಣ್ಣು ಮುಚ್ಚಿದ ಸೀಸ್ಯಾಟ್ ಎಂಬ ಅಮೆರಿಕದ ಉಪಗ್ರಹ, ಉತ್ತರ ಧ್ರುವದ ಕಡೆಯ ಸಮುದ್ರದ ರೇಡಾರ್ ಚಿತ್ರ ತೆಗೆದಿತ್ತು. ಅಲ್ಲಿ ಎಳೆ ಮಂಜು ಗಂಜಿಯಂತೆ ತೇಲಿ, ಆಮೇಲೆ ದುಂಡು ದುಂಡು ಬಿಲ್ಲೆಗಳಾಗುತ್ತದೆ. ನಮ್ಮವರು ಹೆಸರಿಟ್ಟಿದ್ದರೆ ದೋಸೆಮಂಜು ಎನ್ನುತ್ತಿದ್ದರು. ಪೀಟರ್ ವಾಡಮ್ಸ್ ಮತ್ತು ಬೆಂಜಮಿನ್ ಹೋಲ್ಟ್ 1991ರಲ್ಲಿ ಆ ಚಿತ್ರದ ಮೇಲೆ ಅಲೆಗಳ ಉದ್ದವನ್ನು ಮಂಜಿನ ಹೊರಗೂ ಒಳಗೂ ಅಳೆದರು. ಎಷ್ಟು ಕುಗ್ಗಿದೆಯೆಂದು ಗೊತ್ತಾದರೆ ಮಂಜು ಎಷ್ಟು ದಪ್ಪವೆಂದು ಗೊತ್ತಾಗಬೇಕು. 1950ರ ಲೆಕ್ಕವನ್ನು ತಿರುವಿ ಹಾಕಿದಂತೆ. ಬುದ್ಧಿವಂತಿಕೆಯೇನೋ ಸರಿ, ಆದರೆ ಮುಂದೆ ಇದೇ ಉಪಾಯ ಬಳಸುತ್ತ ಹೋದಂತೆ ಲೆಕ್ಕದ ದಪ್ಪ ನಿಜದ ದಪ್ಪಕ್ಕಿಂತ ಹೆಚ್ಚು ಬರತೊಡಗಿತು. 1998ರಲ್ಲಿ ಒಬ್ಬರು ಮಂಜನ್ನು ಬಿಲ್ಲೆಗಳೆಂದು ಬಗೆಯದೆ, ಕಾಕಂಬಿಯಂಥ ಜಿಗುಟು ದ್ರವದ ಪದರವೆಂದು ಬಗೆದು ಹೊಸ ಲೆಕ್ಕ ಕೊಟ್ಟರು. ಅವರು ಬೇರೆ ಯಾರೂ ಅಲ್ಲ, ಅದೇ ಜೋಸೆಫ್ ಕೆಲ್ಲರ್. ಇಪ್ಪತ್ತೇಳರ ಹರೆಯದಲ್ಲಿ ಕೈಬಿಟ್ಟದ್ದನ್ನು ಎಪ್ಪತ್ತೈದರ ಹೊತ್ತಿಗೆ ಎತ್ತಿಕೊಂಡರು. ನಲವತ್ತೆಂಟು ವರ್ಷದ ನಂತರ ತನ್ನದೇ ಊಹೆಯನ್ನು ತಾನೇ ಬಂದು ತಿದ್ದುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ.

ಇದೆಲ್ಲ ಧ್ರುವದ ಮಾತಾಯಿತು ಎನ್ನಬೇಡಿ, ಬೆಂಗಳೂರಿನಲ್ಲೂ ಇದರ ಲೆಕ್ಕ ಮಾಡಿದವರಿದ್ದಾರೆ. ಈ ಗಣಿತದ ಕಷ್ಟವಿರುವುದು ಹಾಸಿನೊಳಗೂ ಅಲ್ಲ, ಹೊರಗಿನ ನೀರಿನಲ್ಲೂ ಅಲ್ಲ. ಎರಡೂ ಕೂಡುವ ಅಂಚಿನಲ್ಲಿ. ಎಷ್ಟು ಪಾಲು ಹಿಂದಿರುಗಿತು, ಎಷ್ಟು ಒಳಹೋಯಿತು ಎಂದು ಕೇಳಿದರೆ ಅಲ್ಲಿ ಎರಡು ಬೇರೆ ಬೇರೆ ನಿಯಮಗಳು ಒಂದೇ ಗೆರೆಯಲ್ಲಿ ಡಿಕ್ಕಿ ಹೊಡೆಯುತ್ತವೆ. ಅದನ್ನು ಬಿಡಿಸಲು ವೀನರ್ ಮತ್ತು ಹಾಫ್ 1931ರಲ್ಲಿ ಕಂಡುಕೊಂಡ ವಿಧಾನವನ್ನು ಬಹಳ ಜನ ಬಳಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದಲ್ಲಿದ್ದ ಅಲೋಕನಾಥ್ ಚಕ್ರವರ್ತಿ, ಮಂಜಿನ ಹೊದಿಕೆಯ ಅಂಚಿಗೆ ಬಡಿಯುವ ಅಲೆಯ ಸಮಸ್ಯೆಯನ್ನು ಇಂಟಿಗ್ರಲ್ ಸಮೀಕರಣವಾಗಿ ಮಾರ್ಪಡಿಸಿ ಬಿಡಿಸಿದ ಪ್ರಬಂಧ 2000ದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಕೋಲ್ಕತ್ತದ ಬಿ.ಎನ್. ಮಂಡಲ್ ಅವರೊಂದಿಗೆ ಅವರು ಬರೆದ, ಅಡ್ಡಗೋಡೆಗಳಿಗೆ ಬಡಿದು ಚದುರುವ ಅಲೆಗಳ ಪುಸ್ತಕವೂ ಬಂತು. ಬೆಂಗಳೂರಿನಲ್ಲಿ ಮಂಜು ಹೆಪ್ಪುಗಟ್ಟಿದ್ದು ಫ್ರಿಜ್ಜಿನಲ್ಲಿ ಮಾತ್ರ. ಅದೇ ಊರಿನ ಬೆಳ್ಳಂದೂರು ಕೆರೆಯಲ್ಲಿ ಜಲಕಳೆಯ ಹಾಸು, ನೊರೆಯ ಹಾಸು ಎರಡೂ ಎಷ್ಟು ಬೇಕಾದರೂ ಇದ್ದವು. ಸಮೀಕರಣಕ್ಕೆ ಅದು ಮಂಜೋ ಕಳೆಯೋ ಗೊತ್ತಾಗುವುದಿಲ್ಲ.

ಪುಣೆಗೂ ಅಲೆ ಹೊಸದಲ್ಲ. ಹಡಪಸರದ ಮೂಲಕ ಹಾಯುವ ಕಾಲುವೆಯ ತಲೆಯಿರುವುದು ಖಡಕವಾಸ್ಲಾದಲ್ಲಿ. ಅಲ್ಲಿ ಜಲಾಶಯದ ಪಕ್ಕದಲ್ಲೇ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಿದೆ. 1916ರಲ್ಲಿ ಮುಂಬಯಿ ಪ್ರಾಂತ್ಯದವರು ನೀರಾವರಿಗೆಂದು ಶುರುಮಾಡಿದ ಸಣ್ಣ ವಿಭಾಗ ಬೆಳೆದು ಆದದ್ದು ಅದು. ಸಮುದ್ರದಿಂದ ದೂರದ ಈ ಗುಡ್ಡಸೀಮೆಯಲ್ಲಿ ಯಂತ್ರದಿಂದ ಅಲೆ ಎಬ್ಬಿಸಿ, ನವಮಂಗಳೂರು ಬಂದರಿನಂಥ ಬಂದರುಗಳ ಮಾದರಿ ಕಟ್ಟಿ ಪರೀಕ್ಷಿಸುತ್ತಾರೆ. ಈಗ ಜಲಾಶಯಗಳ ಮೇಲೆ ತೇಲುವ ಸೌರ ಹಲಗೆಗಳೂ ಬರುತ್ತಿವೆ. ತೆಲಂಗಾಣದ ರಾಮಗುಂಡಂನಲ್ಲಿ 100 ಮೆಗಾವಾಟ್‌ನದು 2022ರಿಂದ ನಡೆಯುತ್ತಿದೆ. ಅಂಚಿನ ಸಾಲಿನ ಹಲಗೆ ಎಷ್ಟು ಕುಣಿಯುತ್ತದೆ, ನಡುವಿನದು ಎಷ್ಟು ಎಂಬ ಪ್ರಶ್ನೆಗೆ ಹೋಗುವ ದಾರಿ ಪೀಟರ್ಸ್‌ನ ಚಾಪೆಯ ಮೇಲೆಯೇ ಹಾಯುತ್ತದೆ.

ಹೊಳೆಗೆ ಅಲೆ ಬೇಕೇ ಬೇಕು. ಅಲೆ ಎದ್ದರೆ ಗಾಳಿ ನೀರಿನಲ್ಲಿ ಬೆರೆಯುತ್ತದೆ, ಮೇಲೆ ಬಂದು ಉಸಿರಾಡುವ ಸೊಳ್ಳೆಮರಿಗೆ ನೆಮ್ಮದಿ ಇರುವುದಿಲ್ಲ. 2024ರ ಫೆಬ್ರವರಿಯಲ್ಲಿ ಮುಂಢವಾ, ಕೇಶವನಗರ, ಖರಾಡಿಯ ಕಡೆ ಹೊಳೆಯ ಮೇಲೆ ಸುಂಟರಗಾಳಿಯಂತೆ ಕಂಬ ಕಂಬವಾಗಿ ಎದ್ದ ಹುಳುಗಳ ವಿಡಿಯೊ ದೇಶವೆಲ್ಲ ಸುತ್ತಿತು. ಅವು ಕಚ್ಚುವ ಸೊಳ್ಳೆಯೋ ಕಚ್ಚದ ನುಸಿಯೋ ಎಂದು ಚರ್ಚೆಯಾಯಿತು. ಕಿಟಕಿ ಮುಚ್ಚಿ ಕೂತವರಿಗೆ ಆ ಚರ್ಚೆಯಿಂದ ಆಗುವುದೇನು? ಪೊಕ್ಲೇನ್ ಯಂತ್ರಗಳು ಬಂದು ಜಲಪರ್ಣಿ ಎತ್ತಿ ದಂಡೆಗೆ ಹಾಕಿದವು.

ಎತ್ತಿದ್ದೆಷ್ಟು ಟನ್ ಎಂಬ ಲೆಕ್ಕ ಪ್ರತಿ ಬೇಸಿಗೆಯಲ್ಲೂ ಜಗಳದ ವಿಷಯ. ಹೊಳೆ ತೂಕದ ಕಲ್ಲಿಲ್ಲದೆಯೂ ತೂಕ ಹೇಳುತ್ತದೆ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಹೊರಗಿನ ಅಲೆಯ ಉದ್ದದಿಂದ ಒಳಗಿನ ಅಲೆಯ ಉದ್ದ ಕಳೆಯಿರಿ, 6.28ರಿಂದ ಭಾಗಿಸಿ. ಬಂದ ಪ್ರತಿ ಸೆಂಟಿಮೀಟರಿಗೆ ಚದರ ಮೀಟರಿಗೆ 10 ಕಿಲೋ. ಒಂದು ಮೀಟರ್ ಅಲೆ 84 ಸೆಂಟಿಮೀಟರ್ ಆದರೆ 25 ಕಿಲೋ. ತಿಕ್ಕಾಟ ಇದನ್ನು ಕೆಡಿಸುತ್ತದೆ, ವಾಡಮ್ಸ್‌ಗೆ ಕೆಡಿಸಿದ ಹಾಗೆ. ಆದರೂ ಒಂದು ಅಂದಾಜು ಸಿಕ್ಕೀತು.

ತೊಯ್ದ ಶೇಂಗಾವನ್ನು ಅವ್ವ ಎರಡು ದಿನ ಬಾಲ್ಕನಿಯಲ್ಲಿ ಒಣಗಿಸಿ ಹುರಿದಳು. ಅದನ್ನು ಕಿಸೆಯಲ್ಲಿ ಹಾಕಿಕೊಂಡು ಒಂದು ಭಾನುವಾರ ಬೆಳಿಗ್ಗೆ ಮುಂಢವಾ ಸೇತುವೆಗೆ ನಡೆದುಹೋದೆ, ಮೊಬೈಲಿನಲ್ಲಿ ಫೋಟೋ ತೆಗೆಯೋಣವೆಂದು. ಹೊರಗಿನ ಅಲೆ ಚೆನ್ನಾಗಿ ಬಂತು. ಯಾರೋ ಪೂಜೆ ಮಾಡಿ ಬಿಟ್ಟ ತೆಂಗಿನಕಾಯಿಯೊಂದು ತೇಲುತ್ತಿತ್ತು, ಅಳತೆಗೆ ಅದೇ ಆಧಾರ. ಅಲೆ ಎರಡು ತೆಂಗಿನಕಾಯಿ ಉದ್ದವೂ ಇರಲಿಲ್ಲ. ಹಾಸಿನೊಳಗೆ ಏನೂ ಕಾಣಲಿಲ್ಲ, ಬರೀ ಹಸಿರು. ಗಾಳಿಯ ಅಲೆ ಸಾಲದು, ದೋಣಿಯ ಅಲೆ ಬೇಕು. ಜಲಪರ್ಣಿ ತೆಗೆಯುವವರು ಒಮ್ಮೊಮ್ಮೆ ಮೋಟರ್ ದೋಣಿ ಇಳಿಸುತ್ತಾರೆ, ಅದರ ಹಿಂದೆ ಒಂದೆರಡು ಮೀಟರ್ ಉದ್ದದ ಅಲೆ ಏಳುತ್ತದೆ ಎಂದು ಸೇತುವೆಯ ಕೊನೆಯಲ್ಲಿ ಕಬ್ಬಿನ ಹಾಲು ಮಾರುವವನು ಹೇಳಿದ. ಯಾವಾಗ ಬರುತ್ತಾರೆ ಎಂದು ಕೇಳಿದೆ. ಟೆಂಡರ್ ಆಗಬೇಕಲ್ಲ ಸಾಹೇಬ್ರ ಎಂದು ಗಾಣಕ್ಕೆ ಇನ್ನೊಂದು ಕಬ್ಬು ಕೊಟ್ಟ.